ತೋಲಾರನ ಋಣ



ಉದಗೀರ, ಲಾತೂರ, ಭಾಲ್ಕಿ, ಯಾವ ಪೇಟೆಗಾದರೂ ಸರಿ, ಒಮ್ಮೆ ತೊಗರಿಯ ಚೀಲ ಹೇರಿಕೊಂಡು ಹೋದವರಿಗೆ ತೋಲಾರನ ಪರಿಚಯ ಇದ್ದೇ ಇರುತ್ತದೆ. ಅವನು ಮಾಲು ಕೊಳ್ಳುವವನಲ್ಲ, ಮಾರುವವನೂ ಅಲ್ಲ. ತೂಗುವುದಷ್ಟೇ ಅವನ ಕಾಯಕ. ಈಗ ವಿದ್ಯುತ್ತಿನ ಕಾಟಾಗಳು ಬಂದಿವೆ. ನಮ್ಮ ಚಿಕ್ಕಂದಿನಲ್ಲಿ ಅವನು ಮೊದಲ ತೂಕಕ್ಕೆ ಒಂದು ಎನ್ನದೆ 'ಲಾಭ' ಎಂದು ಎಣಿಕೆ ಆರಂಭಿಸುತ್ತಿದ್ದ. ಆ ಲಾಭ ಯಾರದು ಎಂದು ನಾನು ನಮ್ಮ ತಂದೆಯವರನ್ನು ಕೇಳಿದ್ದೆ. ಅವರು ನಕ್ಕು, "ಅದು ತಕ್ಕಡಿ ಹಿಡಿದವನ ಮನಸ್ಸಿನ ಮ್ಯಾಲ ಐತಿ" ಎಂದಿದ್ದರು.

ವೃತ್ತಪತ್ರಿಕೆಯಲ್ಲಿ ವಾರಕ್ಕೊಮ್ಮೆ ತನ್ನ ಅಭಿಪ್ರಾಯ ಬರೆಯುವ ಅಂಕಣಕಾರನೂ ಒಬ್ಬ ತೋಲಾರನೇ ಎಂದು ನನಗೆ ಅನೇಕ ಸಲ ಅನಿಸಿದೆ. ಸುದ್ದಿ ಬರೆಯುವವನು ಮಾಲು ತಂದು ಇಳಿಸುತ್ತಾನೆ. ಅಂಕಣಕಾರನು ಅದನ್ನು ತೂಗಿ, ಇದು ಇಷ್ಟು ಸರಿ, ಇದು ಇಷ್ಟು ತಪ್ಪು ಎಂದು ಹೇಳುತ್ತಾನೆ. ನಾವು ಅವನ ತೂಕವನ್ನು ನಂಬಿ ಕಟ್ಟೆಯ ಮೇಲೆ ಕುಳಿತು ವಾದ ಮಾಡುತ್ತೇವೆ, ಮತ ಹಾಕುತ್ತೇವೆ, ಒಮ್ಮೊಮ್ಮೆ ನೆರೆಯವನ ಮುಖವನ್ನೂ ನೋಡದೆ ಹೋಗುತ್ತೇವೆ. ಹಾಗಾದರೆ ಈ ತೋಲಾರನು ಯಾರ ಋಣದಲ್ಲಿ ಬದುಕಬೇಕು? ಈ ಪ್ರಶ್ನೆಯನ್ನು ಕೆಲವರ ಬಾಳಿನ ಮೂಲಕ ವಿಚಾರ ಮಾಡೋಣ.

ಗಡಿಭಾಗದ ನಮಗೆ ಈ ಪ್ರಶ್ನೆ ಇಮ್ಮಡಿಯಾಗಿ ಬರುತ್ತದೆ. 1956ಕ್ಕೆ ಮೊದಲು ನಿಲಂಗಾ, ಉದಗೀರಗಳು ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯಗಳನ್ನು ಮರುವಿಂಗಡಿಸಿದಾಗ ಬೀದರ, ಭಾಲ್ಕಿ, ಔರಾದಗಳು ಆ ಕಡೆ, ನಾವು ಈ ಕಡೆ ಆದೆವು. ಮುಂದೆ 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮುಂಜಾನೆ ಬರುವ ಪತ್ರಿಕೆ ಮರಾಠಿ. ಬೀದರದ ಬೀಗರು ಬಂದಾಗ ಬುತ್ತಿ ಕಟ್ಟಿ ತಂದ ಹಾಳೆ ಕನ್ನಡ. ಹೀಗಾಗಿ ಎರಡೂ ಕಡೆಯ ತೋಲಾರರು ನಮ್ಮನ್ನು ತೂಗುತ್ತಾರೆ. ಎರಡು ತೂಕಗಳು ಸರಿಹೊಂದುವುದು ಅಪರೂಪ.

ಕನ್ನಡದ ಕಡೆಯಿಂದ ಗಡಿಯ ಮಾತನ್ನು ಬಿಡದೆ ಆಡಿದ ಪತ್ರಿಕಾ ಬರಹಗಾರರೆಂದರೆ ಪಾಟೀಲ ಪುಟ್ಟಪ್ಪನವರು. ಅವರನ್ನು 'ಪಾಪು' ಎಂದರೆ ಹಾವೇರಿಯಿಂದ ಬೀದರದವರೆಗೆ ಎಲ್ಲರಿಗೂ ತಿಳಿಯುತ್ತದೆ. ಹಾವೇರಿ ತಾಲೂಕಿನ ಕುರುಬಗೊಂಡದಲ್ಲಿ ಹುಟ್ಟಿದವರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತು, ಬೆಳಗಾವಿಯಲ್ಲಿ ಕಾಯಿದೆ ಓದಿದರು. ಕರಿಕೋಟು ಹಾಕಿಕೊಂಡು ಸುಖವಾಗಿರಬಹುದಾಗಿದ್ದ ಮನುಷ್ಯ ಪತ್ರಿಕೆಯ ಹುಚ್ಚು ಹತ್ತಿಸಿಕೊಂಡರು. ಹುಬ್ಬಳ್ಳಿಯ 'ವಿಶಾಲ ಕರ್ನಾಟಕ'ದ ಸಂಪಾದಕರಾದರು. 1949ರ ಹೊತ್ತಿಗೆ ಅಮೇರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಪತ್ರಿಕೋದ್ಯಮವನ್ನೇ ಅಭ್ಯಾಸ ಮಾಡಿ ಬಂದರು. ಒಕ್ಕಲುತನದ ಹಳ್ಳಿಯ ಹುಡುಗ ಪತ್ರಿಕೆ ನಡೆಸುವುದನ್ನು ಕಲಿಯಲು ಸಮುದ್ರ ದಾಟುವುದು ಆ ಕಾಲಕ್ಕೆ ಮನೆಯವರಿಗೂ ತಿಳಿಯದಂಥ ಸಂಗತಿ. ಡಾಕ್ಟರಿಕೆಗೆ ಹೋದರೆ ತಿಳಿಯುತ್ತಿತ್ತು!

ಬಂದವರು 1954ರಲ್ಲಿ ಹುಬ್ಬಳ್ಳಿಯಿಂದ 'ಪ್ರಪಂಚ' ಎಂಬ ವಾರಪತ್ರಿಕೆ ಆರಂಭಿಸಿದರು. ಏಕೀಕರಣಕ್ಕೆ ಇನ್ನೂ ಎರಡು ವರ್ಷವಿತ್ತು. 1959ರಲ್ಲಿ 'ವಿಶ್ವವಾಣಿ' ದಿನಪತ್ರಿಕೆಯನ್ನೂ ತೆಗೆದರು. ಅವರ ಬರಹದಲ್ಲಿ ಮುಲಾಜು ಕಡಿಮೆ, ನೆನಪು ಬಹಳ. ಯಾವ ಮಂತ್ರಿ ಯಾವ ಊರಲ್ಲಿ ಏನು ಮಾತು ಕೊಟ್ಟಿದ್ದ ಎಂಬುದನ್ನು ಇಸವಿ ಸಹಿತ ತೆಗೆದು ಮುಂದಿಡುವ ಸ್ವಭಾವ. ಸಾಲದ ವಹಿ ಇಟ್ಟ ಸಾಹುಕಾರನನ್ನು ಕಂಡರೆ ಹೇಗೋ, ಹಾಗೆ ಅಧಿಕಾರದಲ್ಲಿದ್ದವರು ಅವರನ್ನು ಕಂಡು ಅಳುಕುತ್ತಿದ್ದರು. ಭಾಷಣಕ್ಕೆ ನಿಂತರೂ ಅಷ್ಟೇ. ಎದುರಿಗೆ ಕುಳಿತ ದೊಡ್ಡವರ ಮುಖ ನೋಡಿ ಮಾತು ಬದಲಿಸುವ ಜಾಯಮಾನ ಅವರದಲ್ಲ.

ಇಲ್ಲಿಯವರೆಗೆ ತೋಲಾರನ ಕಥೆ ಸರಳ. ಆದರೆ 1962ರಲ್ಲಿ ಪುಟ್ಟಪ್ಪನವರು ರಾಜ್ಯಸಭೆಯ ಸದಸ್ಯರಾದರು. 1974ರವರೆಗೆ ಎರಡು ಅವಧಿ, ಒಟ್ಟು ಹನ್ನೆರಡು ವರ್ಷ ಅಲ್ಲಿದ್ದರು. ಮುಂದೆ ಕನ್ನಡ ಕಾವಲು ಸಮಿತಿಗೆ, ಗಡಿ ಸಲಹಾ ಸಮಿತಿಗೆ ಮೊದಲ ಅಧ್ಯಕ್ಷರಾದರು. ಗೋಕಾಕ ಚಳವಳಿಯ ಮುಂಚೂಣಿಯಲ್ಲಿ ನಿಂತರು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ 1967ರಿಂದ ಅರ್ಧ ಶತಮಾನ ಅಧ್ಯಕ್ಷರಾಗಿಯೇ ಉಳಿದರು. 2003ರಲ್ಲಿ ಬೆಳಗಾವಿಯಲ್ಲಿ ನಡೆದ 70ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. 2020ರ ಮಾರ್ಚ್ 16ರಂದು ಹುಬ್ಬಳ್ಳಿಯಲ್ಲಿ ತುಂಬು ಬಾಳು ಮುಗಿಸಿದರು.

ಈಗ ಕೇಳಬೇಕಾದುದು: ತಕ್ಕಡಿ ಹಿಡಿದವನು ತಾನೇ ಸವಾಲಿಗೆ ಇಳಿಯಬಹುದೇ? ಇಳಿಯಬಾರದು ಎಂಬುದು ಪೇಟೆಯ ಕಟ್ಟಳೆ. ಸರಕಾರ ಕೊಟ್ಟ ಕುರ್ಚಿಯಲ್ಲಿ ಕುಳಿತವನು ಸರಕಾರವನ್ನು ತೂಗುವಾಗ ಕೈ ಅಲುಗದೇ ಇರುತ್ತದೆಯೇ? ಪುಟ್ಟಪ್ಪನವರ ಕೈ ಅಲುಗಲಿಲ್ಲ ಎನ್ನುವವರಿದ್ದಾರೆ. ಸಮಿತಿಯ ಕುರ್ಚಿಯಿಂದಲೇ ಮಂತ್ರಿಗಳನ್ನು ಗದರಿಸಿದರು ಎಂಬುದು ಅವರ ವಾದ. ಒಂದೇ ಸಂಘದ ಗಾದಿಯಲ್ಲಿ ಐವತ್ತು ವರ್ಷ ಕುಳಿತವರು ಬೇರೆಯವರ ಅಧಿಕಾರದಾಸೆಯ ಬಗ್ಗೆ ಬರೆದರೆ ಹೇಗೆ ಎನ್ನುವವರೂ ಇದ್ದಾರೆ. ನನಗೆ ಎರಡೂ ಮಾತು ಪೂರ್ತಿ ಒಪ್ಪಿಗೆಯಿಲ್ಲ. ನನಗೆ ಹಿಡಿಸುವುದು ಬೇರೆಯೇ ಒಂದು ಸಂಗತಿ. ಅವರು ತಮ್ಮ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಮುಚ್ಚಿಡಲಿಲ್ಲ. ನಾನು ಕನ್ನಡದ ಕಡೆಯವನು, ಮಹಾಜನ ವರದಿಯೇ ಕೊನೆಯ ಮಾತು ಎಂದು ಬಾಗಿಲಿಗೆ ಬೋರ್ಡು ಹಾಕಿಯೇ ಕುಳಿತರು. ಓದುವವನಿಗೆ ಎಷ್ಟು ಕಳೆದು ಎಷ್ಟು ಉಳಿಸಿಕೊಳ್ಳಬೇಕೆಂಬುದು ಗೊತ್ತಿರುತ್ತಿತ್ತು. ನಾನು ಯಾವ ಕಡೆಯವನೂ ಅಲ್ಲ ಎಂದು ಹೇಳುತ್ತ ತಕ್ಕಡಿಯ ಕೆಳಗೆ ಮೇಣ ಅಂಟಿಸುವವನಿಗಿಂತ ಇವನು ಎಷ್ಟೋ ವಾಸಿ.

ಆದರೂ ಒಂದು ಮಾತು ಉಳಿಯುತ್ತದೆ, ಅದನ್ನು ಗಡಿಯವರೇ ಹೇಳಬೇಕು. 1967ರ ಆ ವರದಿಯ ಹೆಸರಿನಲ್ಲಿ ಎರಡೂ ರಾಜ್ಯಗಳ ಪತ್ರಿಕೆಗಳು ಎಷ್ಟು ಅಂಕಣ ತುಂಬಿಸಿವೆಯೋ ಲೆಕ್ಕವಿಲ್ಲ. ಬೆಳಗಾವಿ, ಅಕ್ಕಲಕೋಟೆ, ಜತ್ತ ಎಂಬ ಹೆಸರುಗಳು ಹಲಗೆಯ ಮೇಲಿನ ಕಾಯಿಗಳಂತೆ ಓಡಾಡುತ್ತಿದ್ದವು. ನಿಲಂಗಾ, ಉಮರ್ಗಾಗಳ ಹೆಸರು ಬರುವುದೇ ಅಪರೂಪ. ಇಲ್ಲಿಯ ಅಜ್ಜಿಯೊಬ್ಬಳು ದೇವರಿಗೆ ಕನ್ನಡದಲ್ಲಿ ಹರಕೆ ಹೊತ್ತು, ಬಸ್ಸಿನಲ್ಲಿ ಕಂಡಕ್ಟರನೊಡನೆ ಮರಾಠಿಯಲ್ಲಿ ಜಗಳ ತೆಗೆಯುತ್ತಾಳೆ. ಅವಳನ್ನು ಯಾವ ಪಾರಡೆಯಲ್ಲಿ ಇಡುವುದು? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಣ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಮಡಿದಾಗ, ಕಲ್ಲುಮಣ್ಣಿನ ಅಡಿಯಿಂದ ಕೇಳಿದ ಕೂಗು ಯಾವ ಭಾಷೆಯದು ಎಂದು ಯಾರೂ ಕೇಳಲಿಲ್ಲ. ದೂರದ ಊರಿನಿಂದ ನಮ್ಮನ್ನು ಪ್ರೀತಿಸಿ ತೂಗಿದವನೂ ನಮ್ಮ ತೂಕ ತಪ್ಪಬಹುದು ಎಂಬುದಕ್ಕೆ ಇಷ್ಟು ಹೇಳಿದೆ.

ಮರಾಠಿಯ ಕಡೆಯದೂ ಒಂದು ಉದಾಹರಣೆ ನೋಡಬೇಕು. ಔರಂಗಾಬಾದಿನ 'ಮರಾಠವಾಡಾ' ಪತ್ರಿಕೆಯ ಸಂಪಾದಕರಾಗಿದ್ದ ಅನಂತ ಭಾಲೇರಾವ ಅವರನ್ನು ನಮ್ಮ ಹಿರಿಯರು ಗೌರವದಿಂದ ಓದುತ್ತಿದ್ದರು. ಸ್ವಾಮಿ ರಾಮಾನಂದ ತೀರ್ಥರೊಡನೆ ನಿಜಾಮನ ವಿರುದ್ಧ ಹೋರಾಡಿದವರು, ಸರಳ ಬಾಳಿನವರು. 1991ರಲ್ಲಿ ತೀರಿಕೊಂಡರು. ಅವರು ಹಣಕ್ಕೆ ಬಾಗಿದರೆಂದು ವಿರೋಧಿಗಳೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ 1978ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರಿಡುವ ಠರಾವು ವಿಧಾನಮಂಡಲದಲ್ಲಿ ಆದಾಗ, ಅವರ ಪತ್ರಿಕೆ ವಿರೋಧದ ಕಡೆ ನಿಂತಿತು. ನಮ್ಮ ಪ್ರದೇಶದ ಅಸ್ಮಿತೆ ಎಂಬುದು ಅಂದಿನ ವಾದ. ಅದೇ ದಿನಗಳಲ್ಲಿ ಮರಾಠವಾಡಾದ ಹಳ್ಳಿ ಹಳ್ಳಿಗಳಲ್ಲಿ ದಲಿತರ ಗುಡಿಸಲುಗಳು ಸುಟ್ಟವು. ಲೇಖನ ಬರೆದವರು ಬೆಂಕಿ ಹಚ್ಚಿದರೆಂದು ನಾನು ಹೇಳುವುದಿಲ್ಲ. ಆದರೆ ದೊಡ್ಡ ಹೊಲಗಳವರ ಮನಸ್ಸಿನಲ್ಲಿ ಮೊದಲೇ ಇದ್ದ ಮಾತಿಗೆ ಅಚ್ಚಿನ ಮರ್ಯಾದೆ ದೊರೆಯಿತು. ಹದಿನಾರು ವರ್ಷಗಳ ಮೇಲೆ, 1994ರ ಜನೇವರಿ 14ರಂದು ಆ ಹೆಸರು ಸೇರಿತು. ವಿಶ್ವವಿದ್ಯಾಲಯ ಮುಳುಗಲಿಲ್ಲ. ನಮ್ಮ ಹುಡುಗರು ಅದೇ ಹೆಸರಿನ ಪ್ರಮಾಣಪತ್ರ ತಂದು ಗೋಡೆಗೆ ಹಾಕಿದರು.

ಇದರಿಂದ ನಾನು ಕಲಿತದ್ದೇನೆಂದರೆ, ಹಣದ ಋಣವೊಂದೇ ಋಣವಲ್ಲ. ತನ್ನ ಜನರ ಮೆಚ್ಚುಗೆಯೂ ಒಂದು ಋಣ. ಅದು ಬಡ್ಡಿ ಕಾಣದ ಸಾಲ, ಆದುದರಿಂದಲೇ ಹೆಚ್ಚು ಅಪಾಯ. ಹಣ ತಿಂದವನಿಗೆ ರಾತ್ರಿ ಒಮ್ಮೆಯಾದರೂ ಎಚ್ಚರವಾಗುತ್ತದೆ. ಮೆಚ್ಚುಗೆ ತಿಂದವನಿಗೆ ಒಳ್ಳೆಯ ನಿದ್ದೆ ಬರುತ್ತದೆ.

ಹಣದ ಋಣವನ್ನು ಕಡಿದುಕೊಂಡವರೂ ನಮ್ಮಲ್ಲಿ ಆಗಿಹೋಗಿದ್ದಾರೆ. ಮಂಕುತಿಮ್ಮನ ಕಗ್ಗ ಬರೆದ ಡಿ.ವಿ.ಜಿ.ಯವರು ಪತ್ರಕರ್ತರಾಗಿಯೇ ಬಾಳಿನ ಬಹುಭಾಗ ಕಳೆದವರು. 1970ರಲ್ಲಿ ಅಭಿಮಾನಿಗಳು ನಿಧಿ ಅರ್ಪಿಸಿದಾಗ ಅದನ್ನು ಹಾಗೆಯೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಆದರೆ ಎಲ್ಲರೂ ಡಿ.ವಿ.ಜಿ. ಆಗಲಾರರು. ಅಂಕಣ ಬರೆಯುವವನ ಮನೆಯಲ್ಲಿಯೂ ಒಲೆ ಉರಿಯಬೇಕು.

ಒಲೆಯೂ ಉರಿಯಬೇಕು, ಋಣವೂ ಆಗಬಾರದು ಎಂದು ಹಟ ಹಿಡಿದವರು ಪಿ. ಲಂಕೇಶರು. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ರೈತ ಮನೆತನದಿಂದ ಬಂದು, ಬೆಂಗಳೂರಲ್ಲಿ ಇಂಗ್ಲಿಷ್ ಕಲಿಸುವ ಅಧ್ಯಾಪಕರಾಗಿದ್ದವರು. ಆ ನೌಕರಿ ಬಿಟ್ಟರು. 1980ರಲ್ಲಿ 'ಲಂಕೇಶ್ ಪತ್ರಿಕೆ' ಎಂಬ ವಾರಪತ್ರಿಕೆ ತಂದರು. ಅದರಲ್ಲಿ ಜಾಹೀರಾತು ಇರಲಿಲ್ಲ. ಸಾಬೂನಿನದಿಲ್ಲ, ಬ್ಯಾಂಕಿನದಿಲ್ಲ, ಸರಕಾರದ್ದಂತೂ ಇಲ್ಲವೇ ಇಲ್ಲ. ಓದುವವನು ಕೊಟ್ಟ ಕಾಸಿನಿಂದಲೇ ಕಾಗದ, ಮಸಿ, ಸಂಬಳ ಎಲ್ಲ ನಡೆಯಬೇಕು. ವ್ಯಾಪಾರ ಬಲ್ಲವರು ಇದು ಆರು ತಿಂಗಳ ಆಟ ಎಂದರು. ಅದು ನಡೆಯಿತು. ಅಷ್ಟೇ ಅಲ್ಲ, ಆ ಪತ್ರಿಕೆ ಬರುವ ದಿನ ಬೆಂಗಳೂರಿನ ಮಂತ್ರಿಗಳು ಮೊದಲು ಅದನ್ನೇ ತರಿಸಿ ನೋಡುವ ಸ್ಥಿತಿ ಬಂತು. ಅವರ 'ಟೀಕೆ ಟಿಪ್ಪಣಿ' ಎಂಬ ಅಂಕಣದಲ್ಲಿ ರಾಜಕಾರಣಿಯೂ ಬರುತ್ತಿದ್ದ, ಸಾಯುತ್ತಿರುವ ಮರವೂ ಬರುತ್ತಿತ್ತು. 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 2000ದ ಜನೇವರಿ 25ರಂದು ತೀರಿಕೊಂಡರು.

ಓದುಗನ ಹಣದಿಂದ ಬದುಕಿದರೆ ಓದುಗನ ಋಣ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಓದುಗನಿಗೆ ಖಾರ ಬೇಕು, ಯಾರದೋ ಮಾನ ಬೀದಿಗೆ ಬಂದರೆ ಅವನಿಗೆ ಚಹದೊಡನೆ ರುಚಿಸುತ್ತದೆ. ಲಂಕೇಶರು ಈ ಖಾರವನ್ನು ಒಮ್ಮೊಮ್ಮೆ ಹೆಚ್ಚೇ ಬಡಿಸಿದರು ಎಂದು ನನ್ನ ಅಭಿಪ್ರಾಯ. ಬೈಗುಳದಲ್ಲಿ ಅವರು ಎಲ್ಲ ಸಲವೂ ನ್ಯಾಯದವರಾಗಿರಲಿಲ್ಲ. ಆದರೆ ಬರೆದ ಮಾತಿನ ಕೆಳಗೆ ಹೆಸರು ಇರುತ್ತಿತ್ತು. ಹುಂಡಿಯ ಮೇಲೆ ಸಹಿ ಇದ್ದಂತೆ. ನಾಳೆ ಕೋರ್ಟಿಗೆ ಕರೆದರೆ ನಿಲ್ಲುವವನು ಒಬ್ಬನಿದ್ದಾನೆ.

ಕೋರ್ಟಿಗೆ ನಿಂತದ್ದಕ್ಕೆ ಅವರ ಮಗಳು ಗೌರಿಯವರ ಕಥೆ ಸಾಕು. ತಂದೆಯ ತರುವಾಯ ಪತ್ರಿಕೆ ನಡೆಸಿ, ಮುಂದೆ ತಮ್ಮದೇ ಹೆಸರಿನ ವಾರಪತ್ರಿಕೆಯನ್ನು ಜಾಹೀರಾತಿಲ್ಲದೆ ಹೊರತಂದರು. 2008ರಲ್ಲಿ ಪ್ರಕಟವಾದ ಒಂದು ಬರಹಕ್ಕಾಗಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟದ ಅಪರಾಧಕ್ಕೆ ಆರು ತಿಂಗಳ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದು ಮೇಲ್ಮನವಿಯ ದಾರಿ ಹಿಡಿದರು. ಬರಹ ತಪ್ಪಾಗಿದ್ದರೆ ಅದನ್ನು ತೂಗುವ ರೀತಿ ಅದೇ: ಎದುರುವಾದಿ, ವಕೀಲ, ನ್ಯಾಯಾಧೀಶ, ಮೇಲ್ಮನವಿ. ಆದರೆ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ತಮ್ಮ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಅದಕ್ಕೆ ಎರಡು ವರ್ಷ ಮೊದಲು ಧಾರವಾಡದಲ್ಲಿ ವಚನಗಳ ಸಂಶೋಧಕರಾದ ಕಲಬುರ್ಗಿಯವರನ್ನು, ಅದಕ್ಕೂ ಮೊದಲು 2013ರಲ್ಲಿ ಪುಣೆಯಲ್ಲಿ 'ಸಾಧನಾ' ವಾರಪತ್ರಿಕೆಯ ಸಂಪಾದಕ ದಾಭೋಲಕರರನ್ನು ಹೀಗೆಯೇ ಕೊಂದಿದ್ದರು. ಗಡಿಯ ಎರಡೂ ಕಡೆ ಒಂದೇ ರೀತಿ. ತೂಕ ಸರಿಯಿಲ್ಲ ಎನಿಸಿದರೆ ಮರುತೂಕ ಕೇಳುವುದು ಪೇಟೆಯ ಧರ್ಮ. ತೋಲಾರನನ್ನೇ ಕೊಲ್ಲುವ ಪೇಟೆಯಲ್ಲಿ ನಾಳೆ ಯಾವ ರೈತ ಮಾಲು ಇಳಿಸುತ್ತಾನೆ?

ಇಂದು ನಮ್ಮ ಪ್ರತಿಯೊಬ್ಬರ ಕಿಸೆಯಲ್ಲಿ ಫೋನು ಇದೆ. ಮುಂಜಾನೆ ಏಳುವುದರೊಳಗೆ ಹತ್ತು ಅಂಕಣ ಬಂದು ಬಿದ್ದಿರುತ್ತವೆ. ಬರೆದವರ ಹೆಸರಿಲ್ಲ, ಊರಿಲ್ಲ. ಸಹಿಯಿಲ್ಲದ ಹುಂಡಿಗೆ ನಾವು ಒಂದು ರೂಪಾಯಿ ಕೊಡುವವರಲ್ಲ. ಸಹಿಯಿಲ್ಲದ ಮಾತಿಗೆ ಮಾತ್ರ ನೆರೆಯವನ ಜೊತೆಗಿನ ನಲವತ್ತು ವರ್ಷದ ನಂಟನ್ನು ಕೊಟ್ಟುಬಿಡುತ್ತೇವೆ.

ಪರರ ತಕ್ಕಡಿಯ ಮಾತು ಇಷ್ಟು ಆಡಿದ ಮೇಲೆ ನನ್ನದನ್ನೂ ಹೇಳದಿದ್ದರೆ ನಡೆ ನುಡಿ ಎರಡಾಗುತ್ತದೆ. ನಾನು ವೃತ್ತಿಯಿಂದ ಶಾಲಾ ಮಾಸ್ತರ. ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಒಂದು ಮರಾಠಿ ವಾರಪತ್ರಿಕೆಗೆ ಸುಮಾರು ಒಂದು ವರ್ಷ ಅಂಕಣ ಬರೆದೆ. ಸಂಬಳವಿಲ್ಲ, ಹೆಸರು ಬರುತ್ತಿತ್ತು, ಬೀದಿಯಲ್ಲಿ ಜನ ನಮಸ್ಕಾರ ಮಾಡುತ್ತಿದ್ದರು. ಮಳೆಯ ಬಗ್ಗೆ, ಮಕ್ಕಳ ಓದಿನ ಬಗ್ಗೆ, ಮದುವೆಯ ದುಂದಿನ ಬಗ್ಗೆ ಬರೆದಾಗ ಎಲ್ಲರಿಗೂ ಸಂತೋಷ. ಒಂದು ವಾರ ಪೇಟೆಯಲ್ಲಿ ನಡೆಯುವ 'ಸೂಟು' ಕಡಿತದ ಬಗ್ಗೆ ಬರೆದೆ. ಕೊನೆಯಲ್ಲಿ 'ಉಳಿದದ್ದು ಮುಂದಿನ ವಾರ' ಎಂದು ಹಾಕಿದ್ದೆ.

ಆ ವಾರವೇ ಪತ್ರಿಕೆಗೆ ದೀಪಾವಳಿಯ ಶುಭಾಶಯದ ಜಾಹೀರಾತು ಕೊಡುತ್ತಿದ್ದ ಅಡತಿ ಅಂಗಡಿಗಳು ಕೈ ಹಿಂದೆ ತೆಗೆದವು. ಸಂಪಾದಕರು ನನ್ನ ಮನೆಗೆ ಬಂದು, ಚಹ ಕುಡಿದು, "ಮಾಸ್ತರ, ನೀವು ಅಧ್ಯಾತ್ಮದ ಬಗ್ಗೆ ಬರೆದರೆ ಬಹಳ ಚಂದ ಇರುತ್ತದೆ" ಎಂದರು. ಅವರದು ದೊಡ್ಡ ತಪ್ಪೆಂದು ನಾನು ಹೇಳಲಾರೆ, ಅವರ ಅಚ್ಚಿನ ಬಾಕಿ ನನಗೆ ಗೊತ್ತಿತ್ತು. ಆ ಜಾಹೀರಾತು ನಿಲ್ಲಿಸಿದವರಲ್ಲಿ ನಮ್ಮವರೇ ಹೆಚ್ಚು ಎಂಬುದೂ ಗೊತ್ತಿತ್ತು. ಅದರಲ್ಲಿ ಒಬ್ಬ ನನ್ನ ಹೆಂಡತಿಯ ತಮ್ಮ. ಮುಂದಿನ ವಾರ ನಾನು ಮನಶ್ಶಾಂತಿಯ ಬಗ್ಗೆ ಬರೆದೆ. ಅದನ್ನು ಓದಿ ಬಹಳ ಜನ ಹೊಗಳಿದರು.

ಪತ್ರಿಕೆ ನಿಂತು ಆರು ವರ್ಷವಾದ ಮೇಲೆ, ಒಂದು ಲಗ್ನದ ಮನೆಯಲ್ಲಿ ವಯಸ್ಸಾದ ರೈತರೊಬ್ಬರು ನನ್ನ ಹತ್ತಿರ ಬಂದು ಕುಳಿತರು. ಓದು ಅಷ್ಟಾಗಿ ಬಾರದವರು, ಮೊಮ್ಮಗನಿಂದ ಓದಿಸಿ ಕೇಳುತ್ತಿದ್ದರಂತೆ. "ಮಾಸ್ತರ, ಆ ಸೂಟಿನ ಮಾತು ಅರ್ಧಕ್ಕ ನಿಂತಿತ್ತಲ್ಲ, ಉಳಿದದ್ದು ಯಾವ ವಾರ ಬಂತು? ನನ್ನ ಕೈ ತಪ್ಪೇತಿ" ಎಂದರು. ಪೇಟೆಯ ಪಾವತಿಗಳ ಜೊತೆ ಆ ಮೊದಲ ಭಾಗವನ್ನು ಕತ್ತರಿಸಿ ಇಟ್ಟಿದ್ದೇನೆ ಎಂದೂ ಹೇಳಿದರು. ನಾನು ಊಟಕ್ಕೆ ಕರೆಯುತ್ತಿದ್ದಾರೆ ಎಂದು ಎದ್ದುಬಿಟ್ಟೆ.

ಅವರು ಈಗ ಇಲ್ಲ. ಉಳಿದದ್ದು ಬಹಳವೇನೂ ಇರಲಿಲ್ಲ. ಚೀಲದ ತೂಕ ಕಳೆದ ಮೇಲೆಯೂ ಧೂಳು, ತೇವ ಎಂದು ಹೇಳಿ ಕ್ವಿಂಟಲಿಗೆ ಒಂದು ಕಿಲೋದ ಮೇಲೆ ಕಡಿಯುತ್ತಿದ್ದರು, ಪಾವತಿಯ ಮೇಲೆ ಅದನ್ನು ಬರೆಯುತ್ತಿರಲಿಲ್ಲ. ನನ್ನ ಹೆಂಡತಿಯ ತಮ್ಮನ ಅಡತಿಯಲ್ಲಿಯೂ ಕಡಿಯುತ್ತಿದ್ದರು. ನಮ್ಮ ಹೊಲದ ತೊಗರಿಗೆ ಮಾತ್ರ ಕಡಿಯುತ್ತಿರಲಿಲ್ಲ.